ಲಕ್ವ ಹೊಡೆದ ಮನೆಯಲ್ಲಿ ಎಚ್ಚರಿರುವವಳು

ಬಸವನ ಬಾಗೇವಾಡಿಯೆಂದೊಡನೆ ಕನ್ನಡಿಗರಿಗೆ ಹನ್ನೆರಡನೆಯ ಶತಮಾನ ನೆನಪಾಗುತ್ತದೆ. ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ಕಾಯಕ, ದಾಸೋಹ ಎಂಬ ಮಾತುಗಳನ್ನು ಮಕ್ಕಳೂ ಬಲ್ಲರು. ಆದರೆ ಊರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ದಿನವೂ ನಡೆಯುತ್ತಿದ್ದು, ಯಾರೂ ಕಾಯಕವೆಂದು ಕರೆಯದಿರುವ ಒಂದು ಕಾಯಕವುಂಟು. ಅದು ಲಕ್ವ ಹೊಡೆದು ಹಾಸಿಗೆ ಹಿಡಿದವರ ಆರೈಕೆ. ಗ್ರಂಥಗಳ ಪಾರ್ಶ್ವವಾಯುವೇ ಜನರ ಬಾಯಲ್ಲಿ ಲಕ್ವ.

ಅಂಥದೊಂದು ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಮುಂಜಾನೆ ಹೊಲಕ್ಕೆ ಹೊರಟ ಮಾವ ಅಂಗಳದಲ್ಲಿಯೇ ಕುಸಿದರು. ನಲವತ್ತು ಕಿಲೋಮೀಟರಿಗೂ ಮೀರಿದ ಹಾದಿ ಕ್ರಮಿಸಿ ವಿಜಯಪುರದ ಆಸ್ಪತ್ರೆಗೆ ಮುಟ್ಟಿಸಿದರು. ಪ್ರಾಣವುಳಿಯಿತು, ಬಲಗೈ, ಬಲಗಾಲು, ಮಾತು ಹೋದವು. ಹತ್ತು ದಿನಗಳ ಮೇಲೆ ಮನೆಗೆ ಮರಳಿದಾಗ ಸೊಸೆಯ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ, ಒಂದು ಚೀಲ ಗುಳಿಗೆ. ಗಂಡ ದುಡಿಯಲು ಗೋವೆಗೆ ಹೋಗಿದ್ದಾನೆ. "ದಿನಾ ವ್ಯಾಯಾಮ ಮಾಡಿಸಿ" ಎಂದು ವೈದ್ಯರು ಹೇಳಿದ್ದುಂಟು. ಯಾವ ವ್ಯಾಯಾಮ, ಎಷ್ಟು ಹೊತ್ತು, ಎಂದು ಕೇಳುವುದರೊಳಗೆ ಮುಂದಿನ ರೋಗಿಯ ಸರದಿ ಬಂದಿತ್ತು. ಆ ರಾತ್ರಿಯಿಂದ ಆ ಮನೆಯ ವೈದ್ಯಳೂ ದಾದಿಯೂ ಆಕೆಯೇ.

ಆಕೆ ತಿಳಿಯಬೇಕಾದುದು ಕಡಮೆಯೇನಲ್ಲ. ಮೆದುಳಿನ ರಕ್ತನಾಳವೊಂದು ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವ. ಎಡ ಮೆದುಳಿಗೆ ಪೆಟ್ಟಾದರೆ ಬಲಗಡೆಯ ಅಂಗಗಳು ಸೋಲುತ್ತವೆ. ಬಹುಮಂದಿಯಲ್ಲಿ ಮಾತಿನ ನೆಲೆಯೂ ಅಲ್ಲಿಯೇ ಇರುವುದರಿಂದ ಮಾತೂ ನಿಲ್ಲುತ್ತದೆ. ಮಾತು ನಿಂತವರಿಗೆ ಬುದ್ಧಿಯೂ ಹೋಯಿತೆಂದು ಮನೆಯವರು ತಿಳಿಯುವುದು ದೊಡ್ಡ ಅನ್ಯಾಯ. ಹೌದು, ಅಲ್ಲ ಎಂದು ತಲೆಯಾಡಿಸಬಹುದಾದಂತೆ ಒಂದೊಂದೇ ಪ್ರಶ್ನೆ ಕೇಳಿದರೆ ಎಷ್ಟೋ ಸಂಗತಿ ತಿಳಿಯುತ್ತದೆ. ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಿದರೆ ಹೆಗಲ ಕೀಲಿಗೆ ಕೇಡು. ಮಲಗಿಸಿಕೊಂಡೇ ನೀರು ಕುಡಿಸಿದರೆ ಅದು ಶ್ವಾಸನಾಳಕ್ಕಿಳಿದು ಪುಪ್ಪುಸದ ರೋಗವಾಗಬಹುದು. ನೆಟ್ಟಗೆ ಕೂರಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿ, ಕೆಮ್ಮು ಬಂದೊಡನೆ ನಿಲ್ಲಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೂ ಹಿಮ್ಮಡಿಗೂ ಹಾಸಿಗೆಹುಣ್ಣು. ಇವು ಯಾವುವೂ ಕಲಿಯಲಾರದ ವಿದ್ಯೆಯಲ್ಲ. ಕಲಿಸುವವರು ಸಿಕ್ಕಲಿಲ್ಲ, ಅಷ್ಟೆ.

ಈ ಕೊರತೆಯನ್ನು ಮೊಬೈಲಿನ ಆಪ್ ತುಂಬಬಲ್ಲುದೆ? ಪ್ರಯತ್ನಗಳು ನಡೆದಿವೆ. ಚೆನ್ನೈಯಲ್ಲಿ ಸುರೇಶಕುಮಾರ್ ಕಮಲಕಣ್ಣನ್ ಮತ್ತು ಸಂಗಡಿಗರು 'ಕೇರ್ ಫಾರ್ ಸ್ಟ್ರೋಕ್' ಎಂಬ ಸಾಧನವನ್ನು ರಚಿಸಿದರು. ಅಂಗಸಾಧನೆಯನ್ನೂ ದಿನಚರಿಯನ್ನೂ ಚಿಕ್ಕ ಚಿತ್ರಗಳಲ್ಲಿ ತೋರಿಸಿ, ರೋಗಿಗೂ ಆರೈಕೆ ಮಾಡುವವರಿಗೂ ಫೋನಿನಲ್ಲಿಯೇ ಪಾಠ ಹೇಳುವುದು ಅದರ ಉದ್ದೇಶ. ಮೊದಲು ಜನರ ಕೈಗೆ ಕೊಟ್ಟಾಗ ಸಂಪರ್ಕ ಸಿಕ್ಕದೆ, ಚಿತ್ರ ತಡೆತಡೆದು ಬರುವ ತೊಡಕುಗಳು ಕಂಡವು. ಅವನ್ನು ತಿದ್ದಿ ಮತ್ತೆ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಾಲ್ಗೊಂಡ 30 ಮಂದಿ ಆರೈಕೆದಾರರೂ ಅದನ್ನು ಬಹಳ ಉಪಯುಕ್ತವೆಂದರು. ನಮ್ಮ ಬೆಂಗಳೂರಿನ ನಾರಾಯಣ ಹೆಲ್ತ್ ಆಸ್ಪತ್ರೆಯಲ್ಲಿ ನೂರಾ ಹೆಲ್ತ್ ಸಂಸ್ಥೆ ಬೇರೊಂದು ದಾರಿ ಹಿಡಿಯಿತು. ರೋಗಿಯ ಸಂಗಡ ಬಂದವರು ಮೊಗಸಾಲೆಯಲ್ಲಿ ಸುಮ್ಮನೆ ಕಾಯುವ ಹೊತ್ತನ್ನೇ ಪಾಠದ ಹೊತ್ತು ಮಾಡಿ, ಮನೆಗೆ ಹೋದ ಮೇಲೆಯೂ ಫೋನಿನ ಸಂದೇಶಗಳ ಮೂಲಕ ಜೊತೆಗಿರುವ ಏರ್ಪಾಡನ್ನು ಅದು ಬೆಳೆಸಿದೆ.

ಇಷ್ಟನ್ನು ಕೇಳಿದವರಿಗೆ ಸಮಸ್ಯೆ ಬಗೆಹರಿದಂತೆಯೇ ತೋರಬಹುದು. ಆದರೆ ವಿಜ್ಞಾನವು ಮುಖಸ್ತುತಿ ಮಾಡುವುದಿಲ್ಲ. ಮನೆಯವರಿಗೆ ತರಬೇತಿಯಿತ್ತರೆ ರೋಗಿ ಬೇಗ ಸುಧಾರಿಸುವನೇ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ 'ಅಟೆಂಡ್' ಎಂಬ ಪರೀಕ್ಷೆ ನಡೆಯಿತು. 2017ರಲ್ಲಿ ಬಂದ ಉತ್ತರ ನಿರಾಸೆಯದು. ಆರು ತಿಂಗಳ ಮೇಲೆ ನೋಡಿದರೆ, ತರಬೇತಿ ಪಡೆದ ಮನೆಗಳಲ್ಲಿಯೂ ಪಡೆಯದ ಮನೆಗಳಲ್ಲಿಯೂ ತೀರಿಕೊಂಡವರೋ ಪರಾವಲಂಬಿಗಳಾಗಿ ಉಳಿದವರೋ ನೂರಕ್ಕೆ 47 ಮಂದಿ. ಸಂದೇಶ, ಚಿತ್ರ, ಪುಸ್ತಕಗಳ ಮೂಲಕ ಎರಡನೆಯ ಆಘಾತವನ್ನು ತಡೆಯಹೊರಟ 'ಸ್ಪ್ರಿಂಟ್ ಇಂಡಿಯಾ' ಪರೀಕ್ಷೆ 31 ಕೇಂದ್ರಗಳಲ್ಲಿ 4298 ರೋಗಿಗಳನ್ನು ಒಳಗೊಂಡಿತ್ತು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಗುಳಿಗೆ ನುಂಗುವ ಶಿಸ್ತು ಹೆಚ್ಚಿತು, ಆಘಾತಗಳು ಕಡಮೆಯಾಗಲಿಲ್ಲ.

ಹಾಗಾದರೆ ಇದೆಲ್ಲ ವ್ಯರ್ಥವೆ? ಇಂಗ್ಲೆಂಡಿನ ಅನುಭವವನ್ನು ಇಲ್ಲಿ ನೆನೆಯಬೇಕು. 2004ರಲ್ಲಿ ಅಲ್ಲಿನ ಒಂದು ಕೇಂದ್ರದಲ್ಲಿ 300 ರೋಗಿಗಳನ್ನೂ ಅವರ ಮನೆಯವರನ್ನೂ ನೋಡಿದಾಗ, ತರಬೇತಿ ಪಡೆದ ಆರೈಕೆದಾರರ ಹೊರೆಯೂ ಕಳವಳವೂ ಇಳಿದಿದ್ದವು. ಅದೇ ತರಬೇತಿಯನ್ನು 36 ಕೇಂದ್ರಗಳಿಗೆ ಹರಡಿ 2013ರಲ್ಲಿ ಲೆಕ್ಕ ಹಾಕಿದಾಗ ಆ ಲಾಭ ಕಾಣಲಿಲ್ಲ. ಆಘಾತವಾದ ಹೊಸತರಲ್ಲಿ, ಮನಸ್ಸು ತತ್ತರಿಸಿರುವಾಗ, ಪಾಠ ಹೇಳುವುದು ಸಕಾಲವಲ್ಲದಿರಬಹುದೆಂದು ಸಂಶೋಧಕರೇ ಹೇಳಿದರು.

ಇದು ನಮ್ಮ ಸೊಸೆಯ ಅನುಭವಕ್ಕೆ ಒಪ್ಪುವ ಮಾತು. ಆಸ್ಪತ್ರೆಯಲ್ಲಿ ಆಕೆಗೆ ಇದ್ದುದು ಒಂದೇ ಪ್ರಶ್ನೆ: ಮಾವ ಬದುಕುವರೆ? ಉಳಿದ ನೂರು ಪ್ರಶ್ನೆಗಳು ಹುಟ್ಟಿದ್ದು ಮನೆಗೆ ಬಂದ ಮೇಲೆ, ಅದೂ ರಾತ್ರಿ ಎರಡು ಗಂಟೆಗೆ. ಆ ಹೊತ್ತಿನಲ್ಲಿ ವೈದ್ಯರಿಲ್ಲ, ಆಶಾ ಕಾರ್ಯಕರ್ತೆಯಿಲ್ಲ; ಫೋನೊಂದಿರಬಲ್ಲುದು. ಆಪಿನ ನಿಜವಾದ ಸ್ಥಾನ ಅಲ್ಲಿದೆ. ಸೋತ ಕೈಯನ್ನು ಎತ್ತಿಸುತ್ತೇನೆಂದು ಅದು ಭರವಸೆ ಕೊಡಬಾರದು; ಎಚ್ಚರಿರುವವಳ ಪಕ್ಕದಲ್ಲಿ ತಾನೂ ಎಚ್ಚರಿದ್ದರೆ ಸಾಕು.

ಆದುದರಿಂದ ಇಂಥ ಆಪನ್ನು ರಚಿಸುವವರು ಮೊದಲು ಆ ಮನೆಯ ಪಡಸಾಲೆಯಲ್ಲಿ ಒಂದು ದಿನ ಕುಳಿತು ನೋಡಬೇಕು. ಮನೆಯ ಒಂದೇ ಸ್ಮಾರ್ಟ್ ಫೋನು ಹಗಲೆಲ್ಲ ಕಾಲೇಜಿಗೆ ಹೋದ ಮೊಮ್ಮಗನ ಜೇಬಿನಲ್ಲಿರುತ್ತದೆ. ಸೊಸೆಯ ಪಾಲಿಗಿರುವುದು ಗುಂಡಿಯ ಫೋನು. ಹಾಗಾಗಿ ಅದೇ ಪಾಠ ಸಾದಾ ಕರೆಯಲ್ಲಿಯೂ ಕೇಳುವಂತಿರಬೇಕು. ಓದುವುದಕ್ಕಿಂತ ಕೇಳುವುದಕ್ಕೆ ಹೆಚ್ಚು ಇರಬೇಕು. ಒಮ್ಮೆ ಇಳಿಸಿಕೊಂಡ ಚಿತ್ರ ಸಂಪರ್ಕವಿಲ್ಲದಾಗಲೂ ನಡೆಯಬೇಕು. ಒಂದು ದಿನಕ್ಕೆ ಒಂದೇ ಪಾಠ, ಎರಡು ನಿಮಿಷದೊಳಗೆ. ಮಾದರಿಯಾಗಿ ತೋರಿಸುವುದು ಆಸ್ಪತ್ರೆಯ ಏರಿಳಿಸುವ ಮಂಚವನ್ನಲ್ಲ, ಹೊರಸನ್ನೂ ನೆಲದ ಹಾಸಿಗೆಯನ್ನೂ. ಮೃದು ಆಹಾರವೆಂದರೆ ಸೂಪಲ್ಲ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು. ಭಾಷೆ ಕನ್ನಡವಾದರೆ ಸಾಲದು, ಈ ಸೀಮೆಯ ಕನ್ನಡವಾಗಬೇಕು. ಪುಸ್ತಕದ ಮಾತಿನಲ್ಲಿ ಬಂದ ಎಚ್ಚರಿಕೆ ಸರ್ಕಾರಿ ಪ್ರಕಟಣೆಯಂತೆ ಕಿವಿಯ ಹೊರಗೇ ನಿಲ್ಲುತ್ತದೆ.

ತಡೆಯಬಾರದ ಸಂಗತಿಯೊಂದುಂಟು. ಮುಖ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು ಮತ್ತೆ ಕಂಡರೆ ಆಪ್ ಉಪದೇಶಕ್ಕೆ ತೊಡಗದೆ ನೇರವಾಗಿ 108ಕ್ಕೆ ಕರೆ ಹಚ್ಚಬೇಕು. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿ; ಅದನ್ನು ಕೊಡಬಹುದೇ ಎಂದು ನಿರ್ಣಯಿಸುವುದು ವೈದ್ಯರ ಕೆಲಸ. ಲಕ್ಷಣ ಎಷ್ಟು ಹೊತ್ತಿಗೆ ಕಂಡಿತೆಂಬುದನ್ನು ಗುರುತಿಡುವುದು ಮನೆಯವರ ಕೆಲಸ. ಇನ್ನು ಪ್ರಶ್ನೆ ಕೇಳಿದರೆ ಉತ್ತರಿಸಲು ಆಚೆ ತುದಿಯಲ್ಲಿ ಮನುಷ್ಯರೊಬ್ಬರು ಇರಲೇಬೇಕು. ಇಲ್ಲವಾದರೆ ಆಪ್ ಇಂಗ್ಲಿಷ್ ಕಾಗದದ ಹೊಸ ಅವತಾರವಷ್ಟೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೂ ಉಳಿದಿದೆ. ರೋಗಿಯ ರಕ್ತದೊತ್ತಡ ಎಷ್ಟು, ಗುಳಿಗೆ ನುಂಗಿದರೆ, ಮಗ್ಗುಲಾದರೆ ಎಂದು ಎಲ್ಲರೂ ಸೊಸೆಯನ್ನು ಕೇಳುತ್ತಾರೆ. ಆಕೆ ಉಂಡಳೆ, ಆಕೆಯ ಸೊಂಟ ನೋಯುತ್ತಿದೆಯೆ ಎಂದು ಕೇಳುವವರಿಲ್ಲ. ಬೇಸರವನ್ನು ಬಾಯಿಬಿಟ್ಟು ಆಡಿದರೆ ಹಿರಿಯರ ಸೇವೆಗೆ ಹಿಂಜರಿದಳೆಂಬ ಅಪವಾದ. ಆಪ್ ಆಕೆಯನ್ನು ಕೇಳಬೇಕು. ಆಕೆ ಕೊಟ್ಟ ಉತ್ತರ ಹಂಚಿಕೊಂಡ ಫೋನಿನಲ್ಲಿ ಮನೆಮಂದಿಗೆಲ್ಲ ಕಾಣದಂತೆ ಕಾಯಬೇಕು. ಮನಸ್ಸು ತೀರ ಕುಗ್ಗಿದ್ದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ದಾರಿ ತೋರಬೇಕು. ಗೋವೆಯಲ್ಲಿರುವ ಗಂಡನಿಗೆ, "ಈ ವಾರ ಎರಡು ದಿನ ಊರಿಗೆ ಬಂದು ಆಕೆಗೆ ಬಿಡುವು ಕೊಡು" ಎಂದು ಆಕೆಯ ಒಪ್ಪಿಗೆ ಪಡೆದು ಹೇಳಿದರೆ, ಅದು ಅರ್ಧ ಡಜನ್ ವ್ಯಾಯಾಮದ ಚಿತ್ರಗಳಿಗೆ ಮಿಗಿಲಾದ ಉಪಕಾರ.

ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ಊರು ಇದು. ಆರೈಕೆಯನ್ನೂ ಆ ಲೆಕ್ಕದಲ್ಲಿ ಸೇರಿಸುವುದಾದರೆ, ಆಪಿನ ಯಶಸ್ಸನ್ನು ಎಷ್ಟು ಲಕ್ಷ ಜನ ಇಳಿಸಿಕೊಂಡರೆಂಬುದರಿಂದ ಅಳೆಯಲಾಗದು. ಬೆಳಗಿನ ಜಾವ ರೊಟ್ಟಿಯ ಹಿಟ್ಟಿಗೆ ಕೈಹಾಕುವ ಮುನ್ನ ಆ ಹೆಣ್ಣುಮಗಳ ಫೋನು ಮೆಲ್ಲನೆ, "ಅಕ್ಕಾರ, ನಿನ್ನಿ ರಾತ್ರಿ ನಿಮಗ ನಿದ್ದಿ ಬಂತೇನ್ರಿ?" ಎಂದು ಕೇಳಬೇಕು. ಬಂತೆಂದು ಆಕೆ ಹೇಳುವ ದಿನಗಳು ಹೆಚ್ಚಿದರೆ, ಆಪು ತನ್ನ ಕೆಲಸ ಮಾಡಿತು.