ಕೋವಿಗೆ ಹೊಸ ಹಿಡಿ: ಮರ ಮತ್ತು ಕಬ್ಬಿಣ ಕೂಡುವ ಬಗೆ

ಯಲ್ಲಾಪುರದ ಚಂದಗುಳಿಯಿಂದ ಶಿರಸಿ, ಸಿದ್ದಾಪುರದವರೆಗಿನ ಅಡಿಕೆ ಸೀಮೆಯಲ್ಲಿ ‘ಬೆಳೆ ರಕ್ಷಣೆ’ಗೆಂದು ಪರವಾನಗಿ ಪಡೆದ ಕೋವಿಗಳಿವೆ. ಹೆಚ್ಚಿನವು ಒಂಟಿ ಅಥವಾ ಜೋಡಿ ನಳಿಗೆಯ ತೋಟಾ ಕೋವಿಗಳು, ರೈಫಲ್ ಅಪರೂಪ. ಹಳೆಯ ಕೋವಿಗಳಲ್ಲಿ ನಳಿಗೆ ಗಟ್ಟಿಯಾಗಿದ್ದರೂ ಮರ ಸೋತಿರುತ್ತದೆ. ಬಿರುಕು ಬಿಟ್ಟ ಹಿಡಿಗೆ ತಂತಿ ಸುತ್ತಿ, ತಗಡು ಹೊಡೆದು ದಿನ ದೂಡುವವರಿದ್ದಾರೆ. ಇದು ಅಪಾಯ. ಹಿಡಿ ಎಂದರೆ ಅಲಂಕಾರವಲ್ಲ. ಕೋವಿಯ ಒದೆತವನ್ನು ತಡೆದುಕೊಳ್ಳುವುದು ಅದೇ, ಕುದುರೆ (ಟ್ರಿಗರ್) ಮತ್ತು ಸೇಫ್ಟಿಗೆ ಸರಾಗವಾಗಿ ಆಡಲು ಜಾಗ ಕೊಡುವುದೂ ಅದೇ.

ಯಾರ ಕೈಗೆ ಕೊಡಬೇಕು?

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ತಯಾರಿಸಲು ಮಾತ್ರವಲ್ಲ, ದುರಸ್ತಿ ಮಾಡಲೂ ಪರವಾನಗಿ ಬೇಕು. ಊರಿನ ಬಡಗಿಯ ಕೈಗುಣ ಎಷ್ಟೇ ಚೆನ್ನಾಗಿದ್ದರೂ ಕೋವಿಯನ್ನು ಅವರಲ್ಲಿ ಬಿಟ್ಟು ಬರುವಂತಿಲ್ಲ. ಪರವಾನಗಿ ಇರುವ ದುರಸ್ತಿಗಾರರ ಬಳಿಗೆ, ತೋಟಾ ತೆಗೆದ ಕೋವಿಯನ್ನು ಪರವಾನಗಿ ಪುಸ್ತಕದೊಂದಿಗೆ ನೀವೇ ಒಯ್ಯಿರಿ, ರಸೀದಿ ಪಡೆಯಿರಿ. ಹಿಡಿ ಬದಲಿಸುವಾಗ ನಳಿಗೆಯನ್ನೂ ಕೊಂಚ ಮೊಟಕು ಮಾಡಿಸುವ ಯೋಚನೆ ಬೇಡ. ಪರವಾನಗಿ ಇಲ್ಲದೆ ಹಾಗೆ ಮಾಡುವುದನ್ನು 6ನೇ ಕಲಂ ತಡೆಯುತ್ತದೆ. ಕೋವಿಯ ನಂಬರನ್ನು ಉಜ್ಜುವುದು, ಅಳಿಸುವುದೂ ಅಪರಾಧ. ವಿದೇಶದಿಂದ ಬಿಡಿಭಾಗ ತರಿಸಲು ಬೇರೆಯೇ ಪರವಾನಗಿ ಬೇಕಾಗುತ್ತದೆ.

ಎಂಥ ಮರ?

ಕೋವಿಯ ಹಿಡಿಗೆ ಹಿಂದಿನಿಂದಲೂ ಹೆಸರಾದದ್ದು ಅಕ್ರೋಟ್ ಮರ. ಹಗುರ, ಆದರೂ ಗಟ್ಟಿ. ಉಳಿಗೆ ಸಣ್ಣ ಕೆತ್ತನೆಯಲ್ಲೂ ಮಣಿಯುತ್ತದೆ, ಒಮ್ಮೆ ಹದವಾಗಿ ಒಣಗಿದರೆ ಅಷ್ಟಾಗಿ ಡೊಂಕಾಗದು. ನಮ್ಮ ಬೀಟೆ ಗಟ್ಟಿ, ಆದರೆ ಭಾರ. ಬೀಟೆ, ಸಾಗುವಾನಿ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಯಾವ ಮರವಾದರೂ ಎರಡು ಸಂಗತಿ ನೋಡಿ. ಒಂದು, ಎಳೆಯ ದಿಕ್ಕು. ಕುದುರೆಯ ಹಿಂದೆ, ಅಂಗೈ ಸುತ್ತಿ ಹಿಡಿಯುವ ಕುತ್ತಿಗೆಯೇ ಹಿಡಿಯ ಅತಿ ತೆಳು ಭಾಗ. ಅಲ್ಲಿ ಎಳೆಗಳು ಉದ್ದಕ್ಕೆ ಸಾಗಿರಬೇಕು. ಅಡ್ಡ ಹಾಯ್ದಿದ್ದರೆ ಮರ ಅಲ್ಲೇ ಮುರಿಯುತ್ತದೆ. ಇನ್ನೊಂದು, ಒಣಗಿದ ಹದ. ಮರ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಕಬ್ಬಿಣ ಕೂರಿಸಲೆಂದು ಹಸಿಮರದಲ್ಲಿ ಕೊರೆದ ಗೂಡು ಬೇಸಿಗೆಯಲ್ಲಿ ಆಕಾರ ಕೆಡುತ್ತದೆ. ಸರಿಯಾಗಿ ಎಣ್ಣೆ ಕುಡಿಸದ ಮರ ಮಳೆಗಾಲದಲ್ಲಿ ಹಿಗ್ಗಿ ಕುದುರೆಯನ್ನು ಒತ್ತಿ ಹಿಡಿಯಬಹುದು. ಎಳೆದ ಕುದುರೆ ಪೂರ್ತಿ ಹಿಂದಿರುಗದಿದ್ದರೆ, ಸೇಫ್ಟಿ ಅರ್ಧಕ್ಕೇ ನಿಂತರೆ ಆ ಕೋವಿ ಮನೆಯವರಿಗೇ ಅಪಾಯಕಾರಿ.

ಮಸಿ ಹೇಳುವ ಲೆಕ್ಕ

ಕಬ್ಬಿಣ ಕೂರುವ ಗೂಡನ್ನು ಅಳತೆಪಟ್ಟಿಯೊಂದನ್ನೇ ನಂಬಿ ಕೊರೆಯಲಾಗದು. ಕುಶಲಿಗಳು ಕಬ್ಬಿಣಕ್ಕೆ ದೀಪದ ಮಸಿಯನ್ನು ತೆಳ್ಳಗೆ ಸವರಿ, ಮರದೊಳಗೆ ಒತ್ತಿ ತೆಗೆಯುತ್ತಾರೆ. ಮರದಲ್ಲಿ ಉಬ್ಬಿದ ಕಡೆಯಷ್ಟೇ ಕಪ್ಪು ಹತ್ತುತ್ತದೆ. ಆ ಕಪ್ಪನ್ನು ಮಾತ್ರ ಉಳಿಯಿಂದ ಕೆರೆದು ಮತ್ತೆ ಮಸಿ, ಮತ್ತೆ ಒತ್ತುವುದು. ಒದೆತ ಬೀಳುವ ಹಿಂಬದಿಯ ಮುಖವೆಲ್ಲ ಒಂದೇ ಸಮ ಕಪ್ಪಾಗುವವರೆಗೆ ಈ ಕೆಲಸ ನಡೆಯುತ್ತದೆ.

ಎಲ್ಲ ಕಡೆಯೂ ಬಿಗಿಯಾಗಿ ಕೂರಿಸುವುದು ಮಾತ್ರ ತಪ್ಪು. ಕಬ್ಬಿಣದ ಹಿಂಬದಿಯಲ್ಲಿ ಮರದೊಳಗೆ ಚಾಚಿಕೊಂಡ ಪಟ್ಟಿಯ ತುದಿಗೆ ಕೂದಲೆಳೆಯಷ್ಟಾದರೂ ಸಂದು ಬೇಕು. ಸಂದಿಲ್ಲದಿದ್ದರೆ ಪ್ರತಿ ಒದೆತಕ್ಕೂ ಆ ಪಟ್ಟಿ ಬೆಣೆಯಂತೆ ನುಗ್ಗಿ ಕುತ್ತಿಗೆಯನ್ನು ಸೀಳುತ್ತದೆ. ಹಳೆಯ ಹಿಡಿಗಳ ಬಿರುಕು ಬಹಳ ಸಲ ಶುರುವಾಗುವುದು ಇಲ್ಲಿಂದಲೇ.

ರೈಫಲ್ ಆದರೆ

ಮೌಸರ್ ಮಾದರಿಯ ಬೋಲ್ಟ್ ರೈಫಲ್‌ನಲ್ಲಿ ಹಿಡಿ ಒಂದೇ ತುಂಡು. ಮರದ ಮೇಲೆ ನಳಿಗೆಯನ್ನು ಹೊತ್ತ ಕಬ್ಬಿಣ, ಕೆಳಗೆ ಕುದುರೆಯ ಗಾರ್ಡ್ ಮತ್ತು ಮ್ಯಾಗಜಿನ್ ಇರುವ ತಳದ ಕಬ್ಬಿಣ. ಎರಡನ್ನೂ ಮರದ ಮೂಲಕ ಹಾಯ್ದ ಸ್ಕ್ರೂಗಳು ಬಿಗಿಯುತ್ತವೆ. ಮರ ನಡುವೆ ಸಿಕ್ಕಿ ನುಗ್ಗಾದರೆ ಸ್ಕ್ರೂ ಸಡಿಲವಾಗಿ ಗುರಿ ತಪ್ಪುತ್ತದೆ. ಅದಕ್ಕೆಂದೇ ಸ್ಕ್ರೂ ಹಾಯುವ ತೂತಿನಲ್ಲಿ ಅಲ್ಯೂಮಿನಿಯಂ ಅಥವಾ ಉಕ್ಕಿನ ಕೊಳವೆ ಕೂರಿಸಿ ಎಪಾಕ್ಸಿ ಅಂಟಿನಿಂದ ಭದ್ರಪಡಿಸುವ ಪದ್ಧತಿ ಇದೆ. ತಳದ ಕಬ್ಬಿಣ ತೀರ ಆಳಕ್ಕೆ ಕೂತರೆ ಮ್ಯಾಗಜಿನ್ ಮೇಲಿನ ಕಬ್ಬಿಣಕ್ಕೆ ತಾಗಿ, ಸ್ಕ್ರೂ ಬಿಗಿಯಾದಂತೆ ಕಂಡರೂ ಮರ ಬಿಗಿಯಾಗಿರುವುದಿಲ್ಲ. ಕೆಳಗೆ ಉಳಿದರೆ ತೋಟಾ ಸರಿಯಾಗಿ ಮೇಲೇರದು.

ಈಶಾಪುರ ರೈಫಲ್ ಕಾರ್ಖಾನೆಯ .315 ರೈಫಲ್‌ಗೆ ಮೂಲ ಲೀ-ಎನ್‌ಫೀಲ್ಡ್. ಇದರ ಮರ ಎರಡು ಪ್ರತ್ಯೇಕ ತುಂಡು. ಹಾಗಾಗಿ ಮೌಸರ್‌ಗೆ ಮಾಡಿದ ಹಿಡಿಯಾಗಲಿ, ತಳದ ಕಬ್ಬಿಣವಾಗಲಿ ಇದಕ್ಕೆ ಹೊಂದದು. ಹಳೆಯ ಸೇನಾ ಲೀ-ಎನ್‌ಫೀಲ್ಡ್‌ನಲ್ಲಿ ಮುಂದಿನ ಮರ ತೆಗೆಯದೆ ಹಿಂದಿನ ಮರವನ್ನು ಬಿಗಿದ ಬೋಲ್ಟ್ ತಿರುಗಿಸಿದರೆ ಮುಂದಿನ ಮರವೇ ಸೀಳುತ್ತದೆ. ಬೋಲ್ಟಿನ ಚೌಕ ತುದಿ ಅದರೊಳಗೆ ಸಿಕ್ಕಿಕೊಂಡಿರುತ್ತದೆ.

ಮೈಗೆ ಹೊಂದಬೇಕು

ಕುದುರೆಯಿಂದ ಹೆಗಲಿಗೆ ಆನಿಸುವ ತುದಿಯವರೆಗಿನ ಉದ್ದ ತೋಟಾ ಕೋವಿಯಲ್ಲಿ ಸಾಮಾನ್ಯವಾಗಿ 14 ಇಂಚಿನ ಆಸುಪಾಸು. ಕೋವಿಯನ್ನು ಹೆಗಲಿಗೇರಿಸಿ ಕೆನ್ನೆ ಒರಗಿಸಿದಾಗ ಹೆಬ್ಬೆರಳಿಗೂ ಮೂಗಿಗೂ ಎರಡು ಬೆರಳಿನಷ್ಟು ಅಂತರ ಉಳಿಯಲಿ. ಹಿಡಿ ಉದ್ದವಾದರೆ ಏರಿಸುವಾಗ ಅಂಗಿಗೆ ತೊಡರುತ್ತದೆ, ಗಿಡ್ಡವಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಅಳತೆ ಕೊಡಲು ಕೋವಿ ಬಳಸುವವರೇ ಹೋಗಬೇಕು.

ತರುವ ಮುನ್ನ, ತಂದ ಮೇಲೆ

ದುರಸ್ತಿಗಾರರ ಎದುರೇ ನಳಿಗೆ ಬಿಚ್ಚಿ, ಒಳಗೆ ತೋಟಾ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಸೇಫ್ಟಿ ಪೂರ್ತಿ ಹಿಂದೆ ಮುಂದೆ ಆಡುತ್ತದೆಯೇ, ಕುದುರೆ ತಾನಾಗಿ ಹಿಂದಿರುಗುತ್ತದೆಯೇ ನೋಡಿ. ಸೇಫ್ಟಿ ಹಾಕಿದ ಖಾಲಿ ಕೋವಿಯ ಹಿಡಿಯ ತುದಿಯನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ತೋರಿಸಲು ಹೇಳಿ. ಒಳಗಿನ ಹ್ಯಾಮರ್ ಕಳಚಿ ಬೀಳಬಾರದು. ಪರೀಕ್ಷೆಯ ಗುಂಡನ್ನು ಅವರೇ ಹಾರಿಸಿ ಒಪ್ಪಿಸಲಿ.

ಹೊಸ ಹಿಡಿಗೆ ಕುದಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ, ಪ್ರತಿ ಸಲ ಒಣಗಿದ ಮೇಲೆ ಹಚ್ಚಬೇಕು. ಕಬ್ಬಿಣದ ಗೂಡಿನ ಒಳಮೈ ಮತ್ತು ಹಿಂದುದಿಯ ರಬ್ಬರ್ ಪಟ್ಟಿಯ ಅಡಿಗೂ ಎಣ್ಣೆ ಮುಟ್ಟಿರಲಿ. ತೇವ ಹೊಗುವುದು ಹೆಚ್ಚಾಗಿ ಅಲ್ಲಿಂದಲೇ. ಬೀಗ ಹಾಕಿಡುವಾಗ ನಳಿಗೆ ಕೆಳಮುಖವಾಗಿದ್ದರೆ ಕಬ್ಬಿಣಕ್ಕೆ ಹಾಕಿದ ಎಣ್ಣೆ ಮರಕ್ಕಿಳಿಯದು. ಇಳಿದರೆ ಮರ ವರ್ಷಗಳಲ್ಲಿ ಮೆತ್ತಗಾಗುತ್ತದೆ. ಒಲೆಯ ಬಿಸಿ ತಾಗುವ ಕಡೆ ಇಡಬೇಡಿ. ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ ಮರಳಿ ಬಂದಾಗ ಕುತ್ತಿಗೆಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ.

ಹಿಡಿಯಲ್ಲಿ ಬಿರುಕು ಕಂಡ ಕೋವಿಯಿಂದ ಇನ್ನೊಂದು ಗುಂಡನ್ನೂ ಹಾರಿಸಬೇಡಿ. ತಂತಿ ಬಿಚ್ಚಿ, ಪರವಾನಗಿ ಪುಸ್ತಕ ತೆಗೆದುಕೊಂಡು ದುರಸ್ತಿಗಾರರ ಬಳಿಗೆ ಹೋಗಿ.