ಸುತ್ತುದಾರಿಯೇ ಹತ್ತಿರವಾದ ಕತೆ

ಅಮೃತಹಳ್ಳಿಯಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಳ್ಳಾರಿ ರಸ್ತೆ ಹಿಡಿದರೆ ನಡುರಾತ್ರಿಯಲ್ಲಿ ಮುಕ್ಕಾಲು ಗಂಟೆಯೂ ಬೇಕಿರಲಿಲ್ಲ. ಫಜೀತಿ ಶುರುವಾಗುತ್ತಿದ್ದುದು ಅಲ್ಲಿಂದ ಮುಂದೆ. ಮಾನ್ಯತಾ ಟೆಕ್ ಪಾರ್ಕಿನ ಸುತ್ತ ಎದ್ದ ಈ ಬಡಾವಣೆಗಳಲ್ಲಿ ಮಗನೋ ಮಗಳೋ ಸಿಲಿಕಾನ್ ವ್ಯಾಲಿಯಲ್ಲಿರುವ ಮನೆಗಳಿಗೆ ಬರವಿರಲಿಲ್ಲ. ಬಾಣಂತನ ಮಾಡಲು ಹೊರಟ ಅಮ್ಮಂದಿರು ಅಂಟಿನುಂಡೆ, ಮೆಂತ್ಯದ ಹಿಟ್ಟು ಕಟ್ಟಿಕೊಂಡು, ಫ್ರಾಂಕ್‌ಫರ್ಟಿನಲ್ಲೋ ದುಬೈಯಲ್ಲೋ ಇಳಿದು, ಅರ್ಥವಾಗದ ಫಲಕಗಳ ನಡುವೆ ಗೇಟು ಹುಡುಕಿ, ಮತ್ತೊಂದು ವಿಮಾನ ಹತ್ತಿ, ಒಂದು ಹಗಲು ಒಂದು ರಾತ್ರಿ ಸವೆಸಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುತ್ತಿದ್ದರು. ಭಾರತದ ಐಟಿ ರಾಜಧಾನಿಗೂ ಜಗತ್ತಿನ ಐಟಿ ರಾಜಧಾನಿಗೂ ನಡುವೆ ನೇರ ವಿಮಾನವೇ ಇರಲಿಲ್ಲ.

ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದರೆ ಸಿಗುತ್ತಿದ್ದ ದೂರ 13,993 ಕಿ.ಮೀ. ಆ ದಾರ ಬೆಂಗಳೂರಿನಿಂದ ಉತ್ತರಕ್ಕೆ ಹೊರಟು, ತುಸು ಪೂರ್ವಕ್ಕೆ ವಾಲಿ, ನೇಪಾಳದಲ್ಲಿ ಅನ್ನಪೂರ್ಣ ಶಿಖರಗಳ ಆಸುಪಾಸು ಹಾದು, ಟಿಬೆಟ್, ಮಂಗೋಲಿಯ, ಸೈಬೀರಿಯ ದಾಟಿ ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತಿತ್ತು. ಗೆರೆಯೇನೋ ಸೊಗಸಾಗಿತ್ತು, ಆದರೆ ಅದರ ಮೇಲೆ ಹಾರುವಂತಿರಲಿಲ್ಲ. ಹಾರುತ್ತಿರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ 10,000 ಅಡಿಗೆ ಇಳಿಯಬೇಕು. ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಇರುವುದು ಕೆಲವೇ ನಿಮಿಷಗಳಿಗೆ. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರ. ಪರ್ವತ ಬಿಟ್ಟು ಪಕ್ಕಕ್ಕೆ ಸರಿಯೋಣವೆಂದರೆ ಒಂದೊಂದು ದೇಶದ ಆಕಾಶಕ್ಕೂ ಒಬ್ಬೊಬ್ಬ ಯಜಮಾನ.

ಈ ಯಜಮಾನಿಕೆ ಲಿಖಿತವಾದದ್ದು 1944ರ ಚಳಿಗಾಲದಲ್ಲಿ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ ಐವತ್ತಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಶಿಕಾಗೋದಲ್ಲಿ ಸೇರಿದರು. ಸೋವಿಯತ್ ಒಕ್ಕೂಟ ಮಾತ್ರ ಹೊರಟಿದ್ದ ತನ್ನ ನಿಯೋಗವನ್ನು ದಾರಿಯಿಂದಲೇ ವಾಪಸು ಕರೆಸಿಕೊಂಡಿತು. ಡಿಸೆಂಬರ್ 7ರಂದು ಸಿದ್ಧವಾದ ಒಪ್ಪಂದದ ಮೊದಲ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಪೂರ್ಣ ಒಡೆತನ ಕೊಟ್ಟಿತು. ಪರಸ್ಪರರ ಆಕಾಶವನ್ನು ಸುಮ್ಮನೆ ಹಾದುಹೋಗಲು ಬಿಡುವ ಇನ್ನೊಂದು ಒಪ್ಪಂದವೂ ಅಲ್ಲೇ ಹುಟ್ಟಿತು. ಅದಕ್ಕೆ ಭಾರತ ಸೇರಿತು, ರಷ್ಯಾ ಮತ್ತು ಚೀನಾ ಸೇರಲೇ ಇಲ್ಲ. ಏಷ್ಯಾ ಮತ್ತು ಅಮೆರಿಕದ ನಡುವಿನ ಹತ್ತಿರದ ಹಲವು ದಾರಿಗಳು ಈ ಇಬ್ಬರ ಅಂಗಳದಲ್ಲಿ ಸಿಕ್ಕಿಕೊಂಡವು.

ಅಂಗಳ ದಾಟಲಾಗದವರು ಬಳಸುದಾರಿ ಹುಡುಕಿದರು. 1954ರ ನವೆಂಬರಿನಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್ನಿನಿಂದ ಗ್ರೀನ್‌ಲ್ಯಾಂಡಿನ ಮೇಲೆ ಹಾದು ಲಾಸ್ ಏಂಜಲೀಸಿಗೆ ಹಾರಿತು. ಕಾಂತಧ್ರುವದ ಹತ್ತಿರ ದಿಕ್ಸೂಚಿಯ ಮುಳ್ಳನ್ನು ನಂಬುವಂತಿರಲಿಲ್ಲ. ನಕ್ಷೆಯ ಮೇಲೆ ಚೌಕುಳಿ ಎಳೆದು, ಜೈರೊ ಉಪಕರಣ ನೆಚ್ಚಿ ದಾರಿ ಹಿಡಿದರು. 1957ರಲ್ಲಿ ಅದೇ ವಿದ್ಯೆಯಿಂದ ಅಲಾಸ್ಕಾ ಬಳಸಿ ಟೋಕಿಯೊ ಮುಟ್ಟಿದರು. ದಾರಿ ತಪ್ಪಿದರೆ ಏನಾಗುತ್ತದೆಂಬುದನ್ನು 1983ರ ಸೆಪ್ಟೆಂಬರ್ 1 ತೋರಿಸಿತು: ಸೋವಿಯತ್ ಆಕಾಶಕ್ಕೆ ನುಗ್ಗಿದ ಕೊರಿಯಾದ ವಿಮಾನವನ್ನು ಯುದ್ಧವಿಮಾನ ಹೊಡೆದುರುಳಿಸಿತು. 269 ಜನ ಸತ್ತರು. ಸೋವಿಯತ್ ಒಕ್ಕೂಟ ಕುಸಿದ ಮೇಲೆಯೇ ರಷ್ಯಾದ ಆರ್ಕ್ಟಿಕ್ ಆಕಾಶ ತೆರೆದು ಧ್ರುವದ ದಾರಿಗಳು ಎಲ್ಲರ ನಕ್ಷೆಗೂ ಬಂದವು.

ದಾರಿ ಸಿಕ್ಕರೂ ಅಷ್ಟು ದೂರ ಹಾರುವ ವಿಮಾನ ಬೇಕಿತ್ತು. ಏರ್ ಇಂಡಿಯಾ ಬಹುದೂರ ಹಾರಬಲ್ಲ ಎಂಟು ಬೋಯಿಂಗ್ 777-200ಎಲ್ಆರ್ ಕೊಂಡಿತ್ತು. ಸಾಲ ಕುತ್ತಿಗೆಗೆ ಬಂದಾಗ ಐದನ್ನು ಅಬುಧಾಬಿಯ ಎತಿಹಾದ್‌ಗೆ ಮಾರಿತು. ಉಳಿದದ್ದು ಮೂರು. ಅವನ್ನೂ ಮಾರಿಬಿಟ್ಟಿದ್ದರೆ ಈ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಆ ವಿಮಾನಗಳನ್ನೇ ಹಿಡಿದು 2015ರ ಡಿಸೆಂಬರಿನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ನೇರ ಹಾರಾಟ ಶುರುವಾಯಿತು, ಅಟ್ಲಾಂಟಿಕ್ ಕಡೆಯಿಂದ. ಹದಿನಾರು ಹದಿನೇಳು ಗಂಟೆ ಎದುರುಗಾಳಿಯೊಡನೆ ಗುದ್ದಾಡಬೇಕಿತ್ತು.

2016ರ ಅಕ್ಟೋಬರಿನಲ್ಲಿ ಅದೇ ವಿಮಾನ ದೆಹಲಿಯಿಂದ ಎದ್ದು ಮೂಗನ್ನು ಪಶ್ಚಿಮದ ಬದಲು ಪೂರ್ವಕ್ಕೆ ತಿರುಗಿಸಿತು. ಪೆಸಿಫಿಕ್ ಮೇಲೆ ಸುಮಾರು 15,300 ಕಿ.ಮೀ. ಹಳೆಯ ದಾರಿಗಿಂತ ಸುಮಾರು 1,400 ಕಿ.ಮೀ. ಹೆಚ್ಚು. ಆದರೆ ಹದಿನಾಲ್ಕೂವರೆ ಗಂಟೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಂದೇಬಿಟ್ಟಿತು! ದೂರ ಹೆಚ್ಚಿತ್ತು, ಹೊತ್ತು ಕಡಿಮೆಯಾಗಿತ್ತು. ಹಾರಾಟದ ಯೋಜನೆ ಹೆಣೆಯುವವರ ಪಾಲಿಗೆ ಈ ಕತೆಯ ನಿಜವಾದ ಶೋಧ ಇದೇ.

ಮುಂದಿನ ಶೋಧಕ್ಕೂ ಸಂಕಟವೇ ಹಿನ್ನೆಲೆ. ಬಾಲಾಕೋಟ್ ದಾಳಿಯ ಬೆನ್ನಿಗೆ 2019ರ ಫೆಬ್ರವರಿ 27ರಂದು ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಅಮೆರಿಕಕ್ಕೆ ಹೊರಟ ವಿಮಾನಗಳು ಗುಜರಾತಿನ ಕಡೆಗೆ ಸುತ್ತು ಹಾಕಿ, ಇಂಧನಕ್ಕಾಗಿ ವಿಯೆನ್ನಾದಂಥ ಕಡೆ ಇಳಿದು ಏಳಬೇಕಾಯಿತು. ಬಾಗಿಲು ತೆರೆದದ್ದು ಜುಲೈ 16ರಂದು. ಜುಲೈ 2ರವರೆಗೇ ಏರ್ ಇಂಡಿಯಾಗೆ ಆದ ನಷ್ಟ ಸಂಸತ್ತಿನಲ್ಲಿ ಹೇಳಿದ ಲೆಕ್ಕದ ಪ್ರಕಾರವೇ 491 ಕೋಟಿ ರೂಪಾಯಿ. ಒಂದೊಂದು ಟನ್ ಇಂಧನಕ್ಕೂ ಬೆಲೆ ಕಟ್ಟುವಂತಾಗಿದ್ದ ಆ ದಿನಗಳಲ್ಲಿ ಧ್ರುವದ ದಾರಿಗೆ ಅನುಮತಿ ಸಿಕ್ಕಿತು. ಬಾಗಿಲು ತೆರೆದು ಒಂದೇ ತಿಂಗಳಿಗೆ, ಆಗಸ್ಟ್ 15ರಂದು, ಕ್ಯಾಪ್ಟನ್ ರಜನೀಶ್ ಶರ್ಮಾ ಮತ್ತು ದಿಗ್ವಿಜಯ್ ಸಿಂಗ್ ದೆಹಲಿಯಿಂದ ಹೊರಟು ಉತ್ತರ ಧ್ರುವದ ಮೇಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಭಾರತದ ವಾಣಿಜ್ಯ ವಿಮಾನವೊಂದು ಅಲ್ಲಿ ಹಾದದ್ದು ಅದೇ ಮೊದಲು.

ಬೆಂಗಳೂರಿನ ಸರದಿ ಬಂದದ್ದು ಕೊರೊನಾ ಕಾಲದಲ್ಲಿ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಂಗಳೂರಿಗೆ ಹೊರಟ ಎಐ 176ರ ಕಾಕ್‌ಪಿಟ್ಟಿಗೆ ಹತ್ತಿದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಧ್ರುವದ ದಾರಿಗೆ ತಯಾರಿಯೇ ಬೇರೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಮೇಲೆ ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಟ್ಯಾಂಕಿನ ಉಷ್ಣತೆಯ ಮೇಲೆ ಸದಾ ಕಣ್ಣಿಡಬೇಕು, ತೀರಾ ಇಳಿದರೆ ಕೆಳಗಿಳಿಯಬೇಕು ಇಲ್ಲವೇ ವೇಗ ಹೆಚ್ಚಿಸಬೇಕು. ತುರ್ತಾಗಿ ಇಳಿಯಲು ನಿಲ್ದಾಣಗಳು ಬೆರಳೆಣಿಕೆಯಷ್ಟು. ಧ್ರುವ ದಾಟುವ ಕ್ಷಣದಲ್ಲಂತೂ ಉತ್ತರಕ್ಕೆ ಸಾಗುತ್ತಿದ್ದ ವಿಮಾನ ಒಂದಿಷ್ಟೂ ಹೊರಳದೆಯೇ ದಕ್ಷಿಣಕ್ಕೆ ಸಾಗತೊಡಗುತ್ತದೆ, ಉಪಕರಣದಲ್ಲಿ ದಿಕ್ಕು 180 ಡಿಗ್ರಿ ತಿರುಗುತ್ತದೆ. ಹದಿನೇಳು ಗಂಟೆಗೂ ಮೀರಿದ ಹಾರಾಟ ಮುಗಿಸಿ 11ರ ನಸುಕಿನಲ್ಲಿ ವಿಮಾನ ದೇವನಹಳ್ಳಿಯ ರನ್‌ವೇ ಮುಟ್ಟಿತು. ಹತ್ತು ಟನ್ ಇಂಧನ ಉಳಿತಾಯವಾಯಿತೆಂದು ಆ ತಂಡ ಲೆಕ್ಕ ಕೊಟ್ಟಿತು.

ಅಮೆರಿಕದ ಕಂಪನಿಗಳೂ ಬೆಂಗಳೂರಿನ ಮೇಲೆ ಕಣ್ಣಿಟ್ಟಿದ್ದವು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ನೇರ ವಿಮಾನ ಘೋಷಿಸಿತ್ತು. ಕೊರೊನಾ ಅದನ್ನು ಮುಂದೂಡುತ್ತ ಹೋಗಿ ಅದು ಹಾರಲೇ ಇಲ್ಲ. ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ಹಾರಾಟವನ್ನು 2022ರ ಮೇ ತಿಂಗಳಿಗೆ ನಿಗದಿ ಮಾಡಿತ್ತು. ಫೆಬ್ರವರಿಯಲ್ಲಿ ಯುಕ್ರೇನಿನ ಮೇಲೆ ರಷ್ಯಾದ ಯುದ್ಧ ಶುರುವಾಯಿತು. ಅಮೆರಿಕ ತನ್ನ ಆಕಾಶವನ್ನು ರಷ್ಯಾದ ವಿಮಾನಗಳಿಗೆ ಮುಚ್ಚಿತು, ರಷ್ಯಾ ಅಮೆರಿಕದ ವಿಮಾನಗಳಿಗೆ ಮುಚ್ಚಿತು. ಯುನೈಟೆಡ್‌ನ ಯೋಜನೆ ಮಡಚಿ ಬದಿಗೆ ಸೇರಿತು. ಭಾರತಕ್ಕೆ ರಷ್ಯಾ ಬಾಗಿಲು ಮುಚ್ಚಿರಲಿಲ್ಲ. ಅದೇ ವರ್ಷದ ಡಿಸೆಂಬರ್ 2ರಿಂದ ಏರ್ ಇಂಡಿಯಾ, ನಡುವೆ ನಿಂತುಹೋಗಿದ್ದ ತನ್ನ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟವನ್ನು ವಾರಕ್ಕೆ ಮೂರು ಸಲದಂತೆ ಮತ್ತೆ ಆರಂಭಿಸಿತು. ಇದು ಅನ್ಯಾಯದ ಪೈಪೋಟಿ ಎಂದು ಅಮೆರಿಕದ ಕಂಪನಿಗಳು ವಾಷಿಂಗ್ಟನ್ನಿನಲ್ಲಿ ದೂರತೊಡಗಿದವು.

ಆ ಅನುಕೂಲಕ್ಕೂ ಬೆಲೆಯಿತ್ತು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಎಐ 173ರ ಎಂಜಿನ್ ಕೆಟ್ಟು, ವಿಮಾನ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಭಾಷೆ ತಿಳಿಯದ ಊರು, ಶಾಲೆಯ ಕೊಠಡಿಗಳಲ್ಲಿ ನೆಲದ ಮೇಲೆ ಹಾಸಿದ ಹಾಸಿಗೆ, ಊಟದಲ್ಲಿ ಏನಿದೆಯೆಂದು ಕೇಳಲೂ ಆಗದ ವೃದ್ಧರು. ಪ್ರಯಾಣಿಕರಲ್ಲಿ ಅಮೆರಿಕದ ಪ್ರಜೆಗಳೂ ಇದ್ದರು, ಹೊರಗಿದ್ದದ್ದು ಅವರ ದೇಶ ನಿರ್ಬಂಧ ಹೇರಿದ ನೆಲ. ಬದಲಿ ವಿಮಾನ ಬಂದು ಅವರನ್ನು ಕರೆದೊಯ್ಯುವವರೆಗೆ ಎರಡು ದೇಶಗಳ ಮನೆಗಳಲ್ಲಿ ಯಾರೂ ಫೋನು ಕೆಳಗಿಡಲಿಲ್ಲ.

ಸುತ್ತುದಾರಿ ಹತ್ತಿರವಾದ ಗುಟ್ಟು ಇರುವುದು ಗಾಳಿಯಲ್ಲಿ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ, ಬೆಚ್ಚಗಿನ ಉಷ್ಣವಲಯದ ಗಾಳಿಯೂ ಧ್ರುವದ ಕಡೆಯ ತಣ್ಣನೆಯ ಗಾಳಿಯೂ ಸಂಧಿಸುವಲ್ಲಿ, ಭೂಮಿಯ ತಿರುಗುವಿಕೆಯ ಕಾರಣದಿಂದ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ಬಳಿ ಅದು ಅತಿ ಬಲವಾಗಿರುತ್ತದೆ. ಪೂರ್ವಕ್ಕೆ ಹೊರಟವರನ್ನು ಅದು ಹೊತ್ತೊಯ್ಯುತ್ತದೆ, ಪಶ್ಚಿಮಕ್ಕೆ ಹೊರಟವರನ್ನು ಹಿಂದಕ್ಕೆ ತಳ್ಳುತ್ತದೆ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಭೂಗೋಳದ ಹೆಚ್ಚುಕಡಿಮೆ ಎದುರುಬದುರಿನ ರೇಖಾಂಶಗಳಲ್ಲಿವೆ. ಪೂರ್ವಕ್ಕೆ ಹೋದರೂ ಉತ್ತರಕ್ಕೆ ಹೋದರೂ ದೂರದಲ್ಲಿ ಭಾರಿ ಅಂತರವಿಲ್ಲ. ಹೀಗಾಗಿ ಹೋಗುವಾಗ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಪೆಸಿಫಿಕ್ ಮೇಲೆ ಹಾರುವುದು, ಬರುವಾಗ ಆ ಗಾಳಿಯನ್ನು ತಪ್ಪಿಸಿಕೊಂಡು ಧ್ರುವದ ಕಡೆಯಿಂದ ಇಳಿಯುವುದು ಎರಡೂ ಲಾಭದ ಲೆಕ್ಕವೇ. ಎರಡರಲ್ಲಿ ಯಾವುದು ಎಂಬುದನ್ನು ಪ್ರತಿ ಹಾರಾಟಕ್ಕೂ ಮೊದಲು ಆ ದಿನದ ಗಾಳಿಯ ನಕ್ಷೆಯನ್ನೂ, ಆ ದಿನ ಯಾವ ದೇಶದ ಆಕಾಶ ತೆರೆದಿದೆ ಎಂಬ ಸೂಚನೆಯನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಲೆಕ್ಕ ಹಾಕುತ್ತಾರೆ.