ಎಡಗೈಯಿಂದ ಆರಂಭವಾದ ಚಿತ್ರ

ಇಡಿಯಾಗಿ ಕಂಪ್ಯೂಟರಿನಲ್ಲೇ ರೂಪುಗೊಂಡ ಮೊದಲ ಪೂರ್ಣಪ್ರಮಾಣದ ಚಲನಚಿತ್ರ 1995ರ ‘ಟಾಯ್ ಸ್ಟೋರಿ’. ಅದನ್ನು ತಯಾರಿಸಿದ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಅಮೆರಿಕದ ಎಡ್ ಕ್ಯಾಟ್ಮಲ್ ಬಾಲ್ಯದಲ್ಲಿ ಡಿಸ್ನಿಯ ಚಿತ್ರಕಾರನಾಗಬೇಕೆಂದು ಕನಸು ಕಂಡವರು. ಚಿತ್ರ ಬರೆಯುವ ಕೈ ಸಾಲದೆಂದು ತಿಳಿದಾಗ ಯೂಟಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನಗಳತ್ತ ಹೊರಳಿದರು. 1972ರಲ್ಲಿ ಸಹಪಾಠಿ ಫ್ರೆಡ್ ಪಾರ್ಕ್ ಜೊತೆಗೂಡಿ, ತಮ್ಮ ಎಡಗೈಯ ಅಚ್ಚಿನ ಮೇಲೆ ಪುಟ್ಟ ಪುಟ್ಟ ಬಹುಭುಜಗಳನ್ನು ಗುರುತಿಸಿ, ಅಳತೆಗಳನ್ನು ಕಂಪ್ಯೂಟರಿಗೆ ಉಣಿಸಿದರು. ತೆರೆಯ ಮೇಲೆ ಬೆರಳುಗಳು ಮಡಿಚಿ ಬಿಚ್ಚಿಕೊಂಡವು!

ನಿಮ್ಮ ಎರಡು ಬೆರಳುಗಳನ್ನು ಒಂದರ ಹಿಂದೊಂದು ಹಿಡಿದು ನೋಡಿ. ಹಿಂದಿನದು ಮರೆಯಾಗುತ್ತದೆ. ಇದು ಯಂತ್ರಕ್ಕೆ ತಿಳಿಯುವುದು ಹೇಗೆ? ಕ್ಯಾಟ್ಮಲ್ 1974ರ ತಮ್ಮ ಪ್ರಬಂಧದಲ್ಲಿ ಕೊಟ್ಟ ಉತ್ತರ ಬಲು ಸರಳ: ತೆರೆಯ ಪ್ರತಿ ಚುಕ್ಕೆಗೂ ಬಣ್ಣದ ಜೊತೆಗೆ, ಅದು ಕಣ್ಣಿನಿಂದ ಎಷ್ಟು ದೂರವೆಂಬುದನ್ನೂ ಬರೆದಿಡುವುದು. ಹೊಸದಾಗಿ ಬಂದ ವಸ್ತು ಇನ್ನೂ ಹತ್ತಿರವಿದ್ದರೆ ಹಳೆಯದನ್ನು ಅಳಿಸುವುದು; ಇಲ್ಲವಾದರೆ ಬಿಟ್ಟುಬಿಡುವುದು. ಇದೇ ಜೆಡ್-ಬಫರ್. ಕಂಪ್ಯೂಟರಿನ ಸ್ಮೃತಿಕೋಶ ತೀರ ದುಬಾರಿಯಾಗಿದ್ದ ಆ ದಿನಗಳಲ್ಲಿ ಇದು ದುಂದುಗಾರಿಕೆಯೇ ಸರಿ. ಇಂದು ನಿಮ್ಮ ಮೊಬೈಲಿನ ಆಟಗಳಲ್ಲೂ ಇದೇ ಉಪಾಯ ಕೆಲಸ ಮಾಡುತ್ತಿದೆ.

ಉದ್ಯಮಿಯ ದಾರಿ ಇಷ್ಟು ಸರಳವಿರಲಿಲ್ಲ. ಲ್ಯೂಕಾಸ್‌ಫಿಲ್ಮ್‌ನಲ್ಲಿ ಅವರು ನಡೆಸುತ್ತಿದ್ದ ಕಂಪ್ಯೂಟರ್ ವಿಭಾಗವೇ 1986ರಲ್ಲಿ ಸ್ಟೀವ್ ಜಾಬ್ಸ್ ಹೂಡಿದ ಹಣದಿಂದ ಪಿಕ್ಸಾರ್ ಆಯಿತು. ಆಗ ಅದು ಮಾರುತ್ತಿದ್ದುದು ಚಿತ್ರಗಳನ್ನಲ್ಲ, ಯಂತ್ರಗಳನ್ನು! ಕೊಳ್ಳುವವರು ವಿರಳ. ನಷ್ಟ ತಾಳಲಾರದೆ 1990ರಲ್ಲಿ ಯಂತ್ರವಿಭಾಗವನ್ನೇ ಮಾರಿ, ಜಾಹೀರಾತು ಚಿತ್ರಗಳನ್ನು ಮಾಡಿಕೊಂಡು ದಿನ ತಳ್ಳಿದರು. 2006ರಲ್ಲಿ ಡಿಸ್ನಿ ಸಂಸ್ಥೆ ಪಿಕ್ಸಾರನ್ನು ಸುಮಾರು 740 ಕೋಟಿ ಡಾಲರಿಗೆ ಕೊಂಡಾಗ, ಡಿಸ್ನಿಯ ಅನಿಮೇಷನ್ ವಿಭಾಗಕ್ಕೂ ಕ್ಯಾಟ್ಮಲ್ಲರೇ ಅಧ್ಯಕ್ಷರಾದರು.